ಫಿನಿಫೆನ್ಮಾ: ಒಂದು ಮೀನಿನ ಹೆಸರು ಮತ್ತು ವಿಳಾಸ

2022ರ ಮಾರ್ಚ್‌ನಲ್ಲಿ 'ಝೂಕೀಸ್' ಎಂಬ ವಿಜ್ಞಾನಪತ್ರಿಕೆಯಲ್ಲಿ ಮಾಲ್ಡೀವ್ಸ್‌ನ ಹವಳದ ದಿಬ್ಬಗಳಲ್ಲಿ ಬದುಕುವ ಪುಟ್ಟ ಮೀನೊಂದರ ಬಗ್ಗೆ ಒಂದು ಪ್ರಬಂಧ ಪ್ರಕಟವಾಯಿತು. ಬರೆದವರು ಯಿ-ಕೈ ಟೀ, ಅಹ್ಮದ್ ನಜೀಬ್, ಜೋಸೆಫ್ ರೌಲೆಟ್ ಮತ್ತು ಲೂಯಿಸ್ ರೋಚಾ. ಮೀನಿಗೆ ಅವರು ಇಟ್ಟ ಹೆಸರು ಸಿರ್ರಿಲೇಬ್ರಸ್ ಫಿನಿಫೆನ್ಮಾ. ಕೆಲವೇ ದಿನಗಳಲ್ಲಿ ಅದರ ಚಿತ್ರ ಜಗತ್ತಿನ ಪತ್ರಿಕೆಗಳನ್ನೆಲ್ಲ ಸುತ್ತಿಬಂತು. ಕೆನ್ನೇರಳೆ, ಕಿತ್ತಳೆ, ಗುಲಾಬಿ ಬಣ್ಣಗಳು ಒಂದರೊಳಗೊಂದು ಕರಗಿದಂತಿರುವ ಮೀನು; ದಿವೇಹಿ ಭಾಷೆಯಿಂದ ಬಂದ ಹೆಸರು; ಮಾಲ್ಡೀವ್ಸ್‌ನ ವಿಜ್ಞಾನಿಯೊಬ್ಬರು ವಿಧಿವತ್ತಾಗಿ ವರ್ಣಿಸಿದ ಮೊದಲ ಪ್ರಭೇದ. ಸುದ್ದಿಗೆ ಇಷ್ಟು ಸಾಕಾಗಿತ್ತು.

ಆದರೆ ಪ್ರಬಂಧದ ಶೀರ್ಷಿಕೆಗೆ ಇನ್ನೊಂದು ಭಾಗವಿದೆ. ರುಬ್ರಿಸ್ಕ್ವಾಮಿಸ್ ಮತ್ತು ವಕಾಂಡಾ ಎಂಬ ಎರಡು ಸೋದರ ಮೀನುಗಳ ಗುರುತಿನ ಬಗೆಗಿನ ಟಿಪ್ಪಣಿಯೂ ಇದರಲ್ಲಿದೆ ಎಂದು ಅದು ಹೇಳುತ್ತದೆ. ಸುದ್ದಿಯ ತಲೆಬರಹಗಳಿಗೆ ಬೇಡವಾದದ್ದು ಈ ಭಾಗ. ನನ್ನ ಮಟ್ಟಿಗೆ ಪ್ರಬಂಧದ ಜೀವ ಇರುವುದೇ ಅಲ್ಲಿ. ಹೊಸ ಹೆಸರೊಂದು ಬಂದಾಗ ಹಳೆಯ ನಕ್ಷೆಯೊಂದು ಅಳಿಯುತ್ತದೆ. ಅಳಿದದ್ದು ಏನು, ಅದನ್ನು ಬರೆದಿದ್ದವರು ಯಾರು, ಯಾವ ಆಧಾರದ ಮೇಲೆ ಬರೆದಿದ್ದರು ಎಂದು ಕೇಳುವುದು ಮೀನುಶಾಸ್ತ್ರದ ಕೆಲಸವಷ್ಟೇ ಅಲ್ಲ. ಪಠ್ಯಗಳನ್ನು ಓದುವುದನ್ನೇ ಕಸುಬು ಮಾಡಿಕೊಂಡ ನಮ್ಮಂಥವರದ್ದೂ ಹೌದು.

ಕಥೆ 1983ರಲ್ಲಿ ಶುರುವಾಗುತ್ತದೆ. ಹಿಂದೂ ಮಹಾಸಾಗರದ ನಡುವಿನ ಚಾಗೋಸ್ ದ್ವೀಪಸಮೂಹದಿಂದ ತಂದ ಒಂದು ಮೀನನ್ನು ರ್‍ಯಾಂಡಲ್ ಮತ್ತು ಎಮರಿ ಎಂಬ ವಿಜ್ಞಾನಿಗಳು ವರ್ಣಿಸಿ ರುಬ್ರಿಸ್ಕ್ವಾಮಿಸ್ ಎಂದು ಹೆಸರಿಟ್ಟರು. ಕೆಂಪು ಹುರುಪೆಯದು ಎಂಬ ಅರ್ಥ. ಅವರ ಕೈಯಲ್ಲಿದ್ದದ್ದು ಒಂದೇ ಒಂದು ಮೀನು, ಅದೂ ಮರಿ. 1990ರ ದಶಕದಲ್ಲಿ, ಅಲ್ಲಿಂದ ಸುಮಾರು 1000 ಕಿಲೋಮೀಟರ್ ಉತ್ತರಕ್ಕಿರುವ ಮಾಲ್ಡೀವ್ಸ್‌ನಲ್ಲಿ ಅದನ್ನೇ ಹೋಲುವ ಮೀನುಗಳು ಸಿಕ್ಕವು. ಮರಿಗೆ ಈಗ ದೊಡ್ಡವರು ಸಿಕ್ಕಂತಾಯಿತು. ಚಾಗೋಸ್‌ನ ಮರಿ, ಮಾಲ್ಡೀವ್ಸ್‌ನ ಗಂಡು, ಎರಡೂ ಸೇರಿ ಒಂದು ಪ್ರಭೇದ. ಎರಡು ದ್ವೀಪಸಮೂಹಗಳ ನಡುವೆ ಒಂದು ಗೆರೆ ಎಳೆದದ್ದಾಯಿತು. ಆ ಗೆರೆಯೇ ಮೀನಿನ ವ್ಯಾಪ್ತಿ ಎನಿಸಿಕೊಂಡಿತು.

ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸಿರ್ರಿಲೇಬ್ರಸ್ ಕುಲದ ಮೀನುಗಳು ಗುರುತಿಗೆ ಸುಲಭವಾಗಿ ಸಿಕ್ಕುವಂಥವಲ್ಲ. ಮರಿಯ ಬಣ್ಣ ಬೇರೆ, ಹೆಣ್ಣಿನದು ಬೇರೆ, ಬೆಳೆದ ಗಂಡಿನದು ಇನ್ನೂ ಬೇರೆ. ಇವು ಹೆಣ್ಣಾಗಿ ಬಾಳಿ ಆಮೇಲೆ ಗಂಡಾಗಬಲ್ಲವು. ಗಂಡಿನ ಬಣ್ಣವೂ ಎಲ್ಲ ಹೊತ್ತಿನಲ್ಲಿ ಒಂದೇ ಆಗಿರುವುದಿಲ್ಲ, ಹೆಣ್ಣನ್ನು ಒಲಿಸುವಾಗ ಇನ್ನಷ್ಟು ರಂಗೇರುತ್ತದೆ. ಹಿಡಿದ ಮೀನನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿಟ್ಟರೆ ಎಲ್ಲ ಬಣ್ಣವೂ ತೊಳೆದುಹೋಗಿ ಬಿಳಿಚಿಕೊಂಡ ದೇಹವಷ್ಟೇ ಉಳಿಯುತ್ತದೆ. ಗಿಳಿಮೀನುಗಳ ವಿಷಯದಲ್ಲಿ ಇದರ ತಿರುವುಮುರುವು ನಡೆದಿತ್ತು: ಒಂದೇ ಮೀನಿನ ಹೆಣ್ಣಿಗೂ ಗಂಡಿಗೂ ಬೇರೆಬೇರೆ ಹೆಸರಿಟ್ಟು ಎರಡು ಪ್ರಭೇದ ಮಾಡಿದ್ದರು. ಇಲ್ಲಿ ಎರಡು ಪ್ರಭೇದಗಳನ್ನು ಒಂದು ಮಾಡಿದ್ದರು. ಎರಡು ಕಡೆಯೂ ತೊಡಕು ಒಂದೇ. ಜೀವವೊಂದು ಬಾಳಿನುದ್ದಕ್ಕೂ ಹಾಕುವ ವೇಷಗಳಲ್ಲಿ ಯಾವುದೋ ಒಂದನ್ನು ಮಾತ್ರ ನಾವು ನೋಡಿರುತ್ತೇವೆ.

2022ರ ಪ್ರಬಂಧ ಈ ಗಂಟನ್ನು ಬಿಡಿಸಿದ ಕ್ರಮ ಸರಳವಾದದ್ದು, ಶ್ರಮದ್ದು. ಬೆಳೆದ ಗಂಡಿನ ಬಣ್ಣ ನೋಡಿದರು, ಬೆನ್ನಿನ ಈಜುರೆಕ್ಕೆಯನ್ನು ಹೊರುವ ಮುಳ್ಳುಗಳ ಎತ್ತರ ಅಳೆದರು, ದೇಹದ ಬೇರೆಬೇರೆ ಭಾಗಗಳಲ್ಲಿ ಹುರುಪೆ ಎಣಿಸಿದರು, ವಂಶವಾಹಿಗಳನ್ನು ಹೋಲಿಸಿದರು. ಕೊನೆಗೆ ಎಲ್ಲವನ್ನೂ ಚಾಗೋಸ್‌ನ ಆ ಮರಿಯ ಪಕ್ಕಕ್ಕಿಟ್ಟು ನೋಡಿದರು. ಹಸ್ತಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುವವರಿಗೆ ಈ ಕೆಲಸದ ರುಚಿ ಹೊಸದೇನಲ್ಲ. ಒಂದೇ ಕೃತಿಯ ಎರಡು ಪ್ರತಿ ಅಂದುಕೊಂಡಿದ್ದು ಎರಡು ಬೇರೆ ಕೃತಿಗಳು ಎಂದು ತೋರಿಸಿಕೊಡಬೇಕಾದರೆ ಅಕ್ಷರ ಅಕ್ಷರವನ್ನೂ ಎಣಿಸಬೇಕಾಗುತ್ತದೆ.

ಪ್ರಭೇದವೊಂದನ್ನು ವರ್ಣಿಸುವ ಪ್ರಬಂಧ ಕಟ್ಟುಪಾಡಿನ ಬರವಣಿಗೆ. ಯಾವ ಮೀನನ್ನು ಮಾದರಿಯಾಗಿ ಎತ್ತಿಟ್ಟಿದ್ದೇವೆ, ಅದು ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಮುಳ್ಳೆಷ್ಟು, ಹುರುಪೆಯೆಷ್ಟು, ಹೀಗೆ ಸಾಗುತ್ತದೆ. ಬರೆಯುವವರ ದನಿ ಕೊಂಚ ಕೇಳಿಸುವುದು 'ಹೆಸರಿನ ಮೂಲ' ಎಂಬ ಪುಟ್ಟ ಭಾಗದಲ್ಲಿ ಮಾತ್ರ. ಈ ಭಾಗವನ್ನಿಟ್ಟುಕೊಂಡು ಎರಡು ಸೋದರ ಮೀನುಗಳನ್ನು ಹೋಲಿಸಿ ನೋಡಬಹುದು. 2019ರಲ್ಲಿ ಟಾಂಜಾನಿಯಾದ ಝಾಂಜಿಬಾರ್ ಬಳಿ ಸಿಕ್ಕ ಮೀನಿಗೆ ವಕಾಂಡಾ ಎಂದು ಹೆಸರಿಟ್ಟರು. ಅದು ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ನ, ಆಮೇಲೆ 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾದ, ಕಲ್ಪನೆಯ ಆಫ್ರಿಕನ್ ರಾಜ್ಯ. ಮೀನಿನ ಮೈಮೇಲಿನ ಹುರುಪೆಯ ವಿನ್ಯಾಸ ಆ ನಾಯಕನ ಪೋಷಾಕನ್ನು ನೆನಪಿಸಿತಂತೆ. ಮೂರು ವರ್ಷದ ನಂತರ ಮಾಲ್ಡೀವ್ಸ್‌ನ ಮೀನಿಗೆ ಬಂದದ್ದು ಫಿನಿಫೆನ್ಮಾ. ದಿವೇಹಿಯಲ್ಲಿ ಗುಲಾಬಿ, ಆ ದೇಶದ ರಾಷ್ಟ್ರೀಯ ಹೂವು. ದಿವೇಹಿಯಲ್ಲಿ 'ಫೆನ್' ಎಂದರೆ ನೀರು, 'ಮಾ' ಎಂದರೆ ಹೂವು. ನಮ್ಮ ಪನ್ನೀರಿನೊಳಗೆ ನೀರಿರುವ ಹಾಗೆ ಅವರ ಗುಲಾಬಿಯೊಳಗೂ ನೀರಿದೆ. ಮೀನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ವಕಾಂಡಾಗಿಂತ ಫಿನಿಫೆನ್ಮಾ ಒಳ್ಳೆಯ ಹೆಸರು ಎಂದು ನಾನು ಹೇಳಲು ಹಿಂಜರಿಯುವುದಿಲ್ಲ. ನಿಜವಾದ ಕರಾವಳಿಯೊಂದರ ಮೀನಿಗೆ, ಆ ಕರಾವಳಿಯ ಸ್ವಾಹಿಲಿಯನ್ನು ಬಿಟ್ಟು, ಎಲ್ಲೂ ಇಲ್ಲದ ನಾಡಿನ ಹೆಸರು ಕೊಡುವುದರಲ್ಲಿ ಆಫ್ರಿಕಾದ ಬಗ್ಗೆ ಪ್ರೀತಿ ಇರಬಹುದು. ಝಾಂಜಿಬಾರಿನ ಬಗ್ಗೆ ಗಮನ ಇಲ್ಲ. ಆದರೆ ಫಿನಿಫೆನ್ಮಾದ ಹೊಗಳಿಕೆಯಲ್ಲೂ ಒಂದು ಅವಸರ ಕಾಣುತ್ತದೆ. ಸ್ಥಳೀಯ ಭಾಷೆಯ ಹೆಸರು ಬಂದ ಕೂಡಲೇ ಸ್ಥಳೀಯರ ಜ್ಞಾನಕ್ಕೆ ಮನ್ನಣೆ ಸಿಕ್ಕಿತು ಎಂದು ನಾವು ತಿಳಿದುಬಿಡುತ್ತೇವೆ. ಇಲ್ಲಿ ಮೀನಿಗೆ ಬಂದದ್ದು ಹೂವಿನ ಹೆಸರು, ಬೆಸ್ತರ ಬಾಯಲ್ಲಿದ್ದ ಮೀನಿನ ಹೆಸರಲ್ಲ. ಇದು ಸುಮಾರು 40ರಿಂದ 70 ಮೀಟರ್ ಆಳದ ಮೀನು. ಗಾಳ ಹಾಕಿ ಟ್ಯೂನಾ ಹಿಡಿಯುವ ಮಾಲ್ಡೀವ್ಸ್‌ನ ದೋಣಿಗಳ ದಾರಿಗೆ ಬರುವಂಥದ್ದಲ್ಲ. 1803ರಲ್ಲಿ ವಿಶಾಖಪಟ್ಟಣದ ಇನ್ನೂರು ಮೀನುಗಳ ಪುಸ್ತಕ ತಂದ ಪ್ಯಾಟ್ರಿಕ್ ರಸೆಲ್ ಮೀನುಗಳನ್ನು ಅಲ್ಲಿನವರು ಕರೆಯುತ್ತಿದ್ದ ಹೆಸರುಗಳಲ್ಲೇ ದಾಖಲಿಸಿದ್ದ. ಆತ ಕಂಪನಿಯ ನಿಸರ್ಗವಿಜ್ಞಾನಿ. ಆದರೂ ಅವನ ಪುಸ್ತಕದ ಹೆಸರುಗಳು ಬಂದರಿನಿಂದ ಕೇಳಿ ಬರೆದವು. ಫಿನಿಫೆನ್ಮಾ ಪ್ರಯೋಗಾಲಯದಿಂದ ಬಂದರಿಗೆ ಹೋದ ಹೆಸರು. ಎರಡೂ ಸಲ್ಲುತ್ತವೆ, ಆದರೆ ಎರಡೂ ಒಂದೇ ಅಲ್ಲ.

ನಮ್ಮ 'ಕರ್ವಾಲೊ' ಓದಿದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ತೇಜಸ್ವಿಯವರ ಕಾದಂಬರಿಯಲ್ಲಿ ಹಾರುವ ಓತಿಯನ್ನು ಕಂಡವನು ಮಂದಣ್ಣ. ಕಂಡದ್ದು ಏನೆಂದು ಹೇಳಬಲ್ಲವರು ಕರ್ವಾಲೊ. ಕಾಣುವುದು ಮತ್ತು ಹೆಸರಿಡುವುದು ಬೇರೆಬೇರೆ ಕೈಗಳಲ್ಲಿ ಇರುವ ಸ್ಥಿತಿಯೇ ಆ ಕಥೆಯನ್ನು ಓಡಿಸುತ್ತದೆ. ಅಹ್ಮದ್ ನಜೀಬ್ ಅವರ ಮುಖ್ಯತೆ ಇರುವುದು ಇಲ್ಲಿ. ಅವರು ದಾರಿ ತೋರಿಸಿ ಕೃತಜ್ಞತೆಯ ಸಾಲಿನಲ್ಲಿ ಉಳಿದವರಲ್ಲ, ಮಾಲ್ಡೀವ್ಸ್‌ನ ಸಾಗರ ಸಂಶೋಧನಾ ಸಂಸ್ಥೆಯ ವಿಜ್ಞಾನಿಯಾಗಿ ಪ್ರಬಂಧದ ಲೇಖಕರಲ್ಲೊಬ್ಬರು. ಹೊರಗಿನವರು ನೂರಾರು ಪ್ರಭೇದಗಳನ್ನು ವರ್ಣಿಸಿ ಹೋದ ಸಮುದ್ರದಲ್ಲಿ ಅಲ್ಲಿಯವರೊಬ್ಬರ ಹೆಸರು ಬರಲು 2022 ಆಗಬೇಕಾಯಿತು. ದಿವೇಹಿಯ ಪದಕ್ಕಿಂತ ಈ ಸಂಗತಿ ದೊಡ್ಡದು.

ಇನ್ನು ನಕ್ಷೆ. ಒಂದು ಪ್ರಭೇದ ಎರಡಾದಾಗ ವ್ಯಾಪ್ತಿಯೂ ಒಡೆಯುತ್ತದೆ. ಚಾಗೋಸ್‌ನಿಂದ ಮಾಲ್ಡೀವ್ಸ್‌ವರೆಗೆ ಚಾಚಿದ್ದ ಒಂದು ಮೀನಿನ ಬದಲು, ಇನ್ನಷ್ಟು ಕಿರಿದಾದ ವ್ಯಾಪ್ತಿಯ ಎರಡು ಮೀನುಗಳು. ಸಮುದ್ರದಲ್ಲಿ ಏನೂ ಬದಲಾಗಿಲ್ಲ, ಒಂದು ಮೀನೂ ಕಡಿಮೆಯಾಗಿಲ್ಲ. ಆದರೂ ಲೆಕ್ಕ ಬದಲಾಗುತ್ತದೆ. ಅಗಲವಾಗಿ ಹರಡಿದ ಜೀವಿಗೆ ಒಂದು ಕಡೆ ಪೆಟ್ಟು ಬಿದ್ದರೆ ಇನ್ನೊಂದು ಕಡೆ ಉಳಿಯುತ್ತದೆ ಎಂಬ ಧೈರ್ಯವಿರುತ್ತದೆ. ಆ ಧೈರ್ಯ ಹೋಯಿತು. 1998ರಲ್ಲಿ ಮತ್ತು 2016ರಲ್ಲಿ ಬಿಸಿಯೇರಿದ ನೀರು ಮಾಲ್ಡೀವ್ಸ್‌ನ ಹವಳಗಳನ್ನು ಬಿಳಿಚಿಸಿದ್ದು ನೆನಪಿನಲ್ಲಿದ್ದವರಿಗೆ ಇದು ಬರಿಯ ಲೆಕ್ಕದ ಮಾತಲ್ಲ. ಇನ್ನೂ ಒಂದು ವಿಷಯ: ವೈಜ್ಞಾನಿಕ ಹೆಸರು ಸಿಗುವ ಮೊದಲೇ ಈ ಮೀನು ಅಕ್ವೇರಿಯಂ ವ್ಯಾಪಾರದಲ್ಲಿ ಮಾರಾಟವಾಗುತ್ತಿತ್ತು. ಸಂಖ್ಯೆಯಲ್ಲಿ ಅದು ಸಾಕಷ್ಟಿದೆ, ಸದ್ಯಕ್ಕೆ ಆತಂಕವಿಲ್ಲ ಎನ್ನುತ್ತಾರೆ ಸಂಶೋಧಕರು. ಆದರೂ ಹೆಸರಿಗಿಂತ ಮೊದಲು ಬೆಲೆ ಬಂದ ಜೀವಿಯ ಲೆಕ್ಕ ಇಡುವವರು ಯಾರು? ತಪ್ಪು ಹೆಸರಿನಲ್ಲಿ ಮಾರಾಟವಾದ ಮೀನು ಲೆಕ್ಕದಲ್ಲೂ ತಪ್ಪು ಖಾತೆಗೇ ಸೇರುತ್ತದೆ.

ನಕ್ಷೆಯಲ್ಲಿ ಬಣ್ಣ ಬಳಿದ ಜಾಗಕ್ಕಿಂತ ಖಾಲಿ ಬಿಟ್ಟ ಜಾಗವನ್ನು ಓದುವುದು ಕಷ್ಟ. ಖಾಲಿ ಜಾಗಕ್ಕೆ ಎರಡು ಅರ್ಥ: ಅಲ್ಲಿ ಮೀನಿಲ್ಲ, ಅಥವಾ ಅಲ್ಲಿ ಯಾರೂ ಇಳಿದು ನೋಡಿಲ್ಲ. ಹವ್ಯಾಸಿ ಮುಳುಗುಗಾರರು ಸಾಮಾನ್ಯವಾಗಿ 40 ಮೀಟರಿಗೆ ನಿಲ್ಲುತ್ತಾರೆ. ಅದರಾಚೆಯ ಮಬ್ಬು ಬೆಳಕಿನ ಹವಳಕ್ಕೆ ಇಳಿಯಲು ಬೇರೆ ಅನಿಲಮಿಶ್ರಣ, ಬೇರೆ ಸಲಕರಣೆ, ದೊಡ್ಡ ತರಬೇತಿ, ದೊಡ್ಡ ಹಣ ಬೇಕು. ಫಿನಿಫೆನ್ಮಾ ಬದುಕುವುದು ಸರಿಯಾಗಿ ಈ ಹೊಸ್ತಿಲಿನಾಚೆ. ಹಾಗಾಗಿ ಇಂಥ ಮೀನಿನ ವ್ಯಾಪ್ತಿಯ ನಕ್ಷೆಯಲ್ಲಿ ಮುಳುಗಿದವರ ನಕ್ಷೆಯೂ ಬೆರೆತಿರುತ್ತದೆ. ಈ ಕಡಲಿಗೆ ಇದು ಹೊಸದಲ್ಲ. 1842ರಲ್ಲಿ ಡಾರ್ವಿನ್ ಹವಳದ ದಿಬ್ಬಗಳ ರಚನೆ ಮತ್ತು ಹಂಚಿಕೆಯ ಬಗ್ಗೆ ಪುಸ್ತಕ ಬರೆದಾಗ ಜಗತ್ತಿನ ಹವಳಗಳಿಗೆ ಬಣ್ಣ ಹಚ್ಚಿದ ನಕ್ಷೆಯೊಂದನ್ನು ಸೇರಿಸಿದ. ಮಾಲ್ಡೀವ್ಸ್ ಮತ್ತು ಚಾಗೋಸ್‌ಗೆ ಅವನು ಕಾಲಿಟ್ಟವನೇ ಅಲ್ಲ; ಕ್ಯಾಪ್ಟನ್ ಮೊರೆಸ್ಬಿಯ ನೌಕಾನಕ್ಷೆಗಳನ್ನು ನೆಚ್ಚಿಕೊಂಡಿದ್ದ. ಉಂಗುರದಾಕಾರದ ಹವಳದ್ವೀಪಕ್ಕೆ ಇಂಗ್ಲಿಷಿನಲ್ಲಿ ಬಳಕೆಯಾಗುವ 'ಅಟಾಲ್' ಎಂಬ ಪದ ದಿವೇಹಿಯದೇ. ಫಿನಿಫೆನ್ಮಾಗಿಂತ ಬಹಳ ಹಿಂದೆಯೇ ಆ ಭಾಷೆ ವಿಜ್ಞಾನಕ್ಕೆ ಒಂದು ಪದ ಕೊಟ್ಟಾಗಿತ್ತು, ಯಾರೂ ಸಂಭ್ರಮಿಸಲಿಲ್ಲ.

ಪ್ರಬಂಧದ ಬಗ್ಗೆ ನನ್ನದೊಂದು ತಕರಾರು ಇಲ್ಲಿದೆ. 'ಮಾಲ್ಡೀವ್ಸ್‌ನಿಂದ ಒಂದು ಹೊಸ ಪ್ರಭೇದ' ಎನ್ನುತ್ತದೆ ಶೀರ್ಷಿಕೆ. ಈ ಬಗೆಯ ಪ್ರಬಂಧಗಳ ವಾಡಿಕೆ ಅದು, ಸರಿ. ಆದರೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಕಡಲಡಿಯ ಒಂದೇ ಏಣಿನ ಮೇಲೆ ಕೂತ ದ್ವೀಪಗಳು. ಮಿನಿಕಾಯ್‌ಗೂ ಮಾಲ್ಡೀವ್ಸ್‌ಗೂ ನಡುವೆ ಇರುವುದು ಎಂಟು ಡಿಗ್ರಿ ಕಾಲುವೆ. ಎರಡೂ ದಡದವರು ಆಡುವುದು ಹೆಚ್ಚುಕಡಿಮೆ ಒಂದೇ ಭಾಷೆ. 1956ರವರೆಗೆ ಲಕ್ಷದ್ವೀಪದ ಅಮಿನ್ದಿವಿ ದ್ವೀಪಗಳ ಆಡಳಿತ ನಡೆದದ್ದು ದಕ್ಷಿಣ ಕನ್ನಡ ಜಿಲ್ಲೆಯಿಂದ. ಆಡಳಿತದ ಗೆರೆಗಳು ಹೀಗೆ ಅತ್ತಿತ್ತ ಸರಿಯುತ್ತವೆ. ಮೀನಿನ ಗೆರೆಯನ್ನು ಆಳ, ಸೆಳೆತ, ಮರಿಗಳು ತೇಲಿ ಸಾಗಬಲ್ಲ ದೂರ ತೀರ್ಮಾನಿಸುತ್ತವೆ. ಶೀರ್ಷಿಕೆಯಲ್ಲಿ ದೇಶದ ಹೆಸರು ಕೂತರೆ, ಓದುವವರ ಮನಸ್ಸಿನಲ್ಲಿ ದೇಶದ ಗಡಿಯೇ ಮೀನಿನ ಗಡಿಯಾಗಿ ನಿಲ್ಲುತ್ತದೆ.

ಈಗ ಚಾಗೋಸ್‌ನ ಮೀನಿನ ಕಡೆ ತಿರುಗೋಣ. 1968ರಿಂದ 1973ರ ನಡುವೆ ಬ್ರಿಟಿಷ್ ಸರ್ಕಾರ ಆ ದ್ವೀಪಗಳ ಜನರನ್ನು ಎಬ್ಬಿಸಿ ಮಾರಿಷಸ್‌ಗೂ ಸೇಶೆಲ್ಸ್‌ಗೂ ಸಾಗಿಸಿತು. ಡಿಯೇಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆ ಬಂತು. 1983ರಲ್ಲಿ ರುಬ್ರಿಸ್ಕ್ವಾಮಿಸ್ ಎಂಬ ಹೆಸರು ಅಚ್ಚಾದಾಗ ಆ ದ್ವೀಪಗಳಲ್ಲಿ ಅಲ್ಲಿಯವರು ಯಾರೂ ಇರಲಿಲ್ಲ. 2010ರಲ್ಲಿ ಬ್ರಿಟನ್ ಅದರ ಸುತ್ತಲಿನ ಕಡಲನ್ನು ಮೀನು ಹಿಡಿಯಬಾರದ ಸಂರಕ್ಷಿತ ಪ್ರದೇಶವೆಂದು ಸಾರಿತು. ಹವಳಗಳಿಗೆ ಅದರಿಂದ ಒಳ್ಳೆಯದೇ ಆಗಿರಬಹುದು. ಹೊರಹಾಕಲ್ಪಟ್ಟವರಿಗೆ ಮಾತ್ರ, ಮರಳಿ ಬಂದರೂ ಬದುಕಲು ಬಲೆ ಬೀಸುವಂತಿಲ್ಲ ಎಂಬ ಮಾತಾಗಿ ಅದು ಕೇಳಿಸಿತು. ಮೀನಿನ ವ್ಯಾಪ್ತಿಯನ್ನು ಕಿಲೋಮೀಟರುಗಳಲ್ಲಿ ಅಳೆದ ಕಡಲಿನಲ್ಲಿ ಮನುಷ್ಯರ ವ್ಯಾಪ್ತಿಯನ್ನು ಒಂದು ಆಜ್ಞೆ ಅಳಿಸಿಹಾಕಿತು.

ಇದರ ಹೊಣೆಯನ್ನು ಒಂದು ಮೀನಿನ ಪ್ರಬಂಧದ ತಲೆಗೆ ಕಟ್ಟುವುದು ಅನ್ಯಾಯ. ಹುರುಪೆ ಎಣಿಸಲು ಹೊರಟವರಿಗೆ ಸಾಮ್ರಾಜ್ಯದ ಚರಿತ್ರೆ ಬರೆಯುವ ಕರ್ತವ್ಯವಿಲ್ಲ. ಎಣಿಕೆಯನ್ನು ಅವರು ಸರಿಯಾಗಿ ಮಾಡಿದ್ದಾರೆ. ನಾಲ್ಕು ದಶಕಗಳ ಹಿಂದಿನ ಒಂದು ಮರಿಯ ಮೇಲೆ ನಿಂತಿದ್ದ ಸಾವಿರ ಕಿಲೋಮೀಟರಿನ ಊಹೆಯನ್ನು ಕೆಡವಿದ್ದಾರೆ. ಆದರೆ ಓದುವವರಾದ ನಮಗೆ ಒಂದು ಕೆಲಸವಿದೆ. ಫಿನಿಫೆನ್ಮಾ ಎಂಬ ಹೆಸರನ್ನು ಓದುವಾಗ ಅದರ ಪಕ್ಕದಲ್ಲೇ ರುಬ್ರಿಸ್ಕ್ವಾಮಿಸ್ ಅನ್ನೂ ಇಟ್ಟು ಓದಬೇಕು. ಒಂದು ಮೀನಿಗೆ ಅದರ ದಡದ ಭಾಷೆಯ ಹೆಸರು ಬಂತು, ಏಕೆಂದರೆ ದಡದಲ್ಲಿ ಜನರಿದ್ದರು, ಅವರಿಗೊಂದು ದೇಶವಿತ್ತು, ದೇಶಕ್ಕೊಂದು ಸಂಶೋಧನಾ ಸಂಸ್ಥೆಯಿತ್ತು. ಇನ್ನೊಂದರ ಹೆಸರು ಲ್ಯಾಟಿನ್ನಿನಲ್ಲಿ ಉಳಿದಿದೆ. ಅದರ ದಡದವರು ಕ್ರಿಯೋಲ್ ಮಾತಾಡುತ್ತ ಪೋರ್ಟ್ ಲೂಯಿಯಲ್ಲಿ, ಇಂಗ್ಲೆಂಡಿನ ಕ್ರಾಲಿಯಲ್ಲಿ ಬದುಕುತ್ತಿದ್ದಾರೆ. ಯಾವ ಮೀನಿನ ವ್ಯಾಪ್ತಿಯ ನಕ್ಷೆಯಲ್ಲೂ ಆ ಊರುಗಳಿಗೆ ಚುಕ್ಕೆ ಇರುವುದಿಲ್ಲ.