ಪೆಂಬರ್ಲಿ ನೋಡಲು ಹೋದವರು

ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ (1813) ಕಾದಂಬರಿಯಲ್ಲಿ ಎಲಿಜಬೆತ್ ತನ್ನ ಸೋದರಮಾವ, ಅತ್ತೆಯರ ಜೊತೆ ಪೆಂಬರ್ಲಿ ಬಂಗಲೆ ನೋಡಲು ಹೋಗುತ್ತಾಳೆ. ಯಜಮಾನ ಡಾರ್ಸಿ ಊರಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೊರಡುವುದು. ಮನೆವಾರ್ತೆಯ ಮಿಸೆಸ್ ರೆನಾಲ್ಡ್ಸ್ ಕೋಣೆಗಳನ್ನು ತೋರಿಸುತ್ತ, ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಅವನನ್ನು ಬಲ್ಲೆ, ಅಂಥ ಒಳ್ಳೆಯವನಿಲ್ಲ ಎನ್ನುತ್ತಾಳೆ. ಅಲ್ಲಿಯವರೆಗೆ ಅಹಂಕಾರಿಯಾಗಿ ಕಂಡವನು ಆ ತೋಪು, ತೊರೆ, ಕಿಟಕಿಗಳ ನಡುವೆ ಬೇರೆಯೇ ಮನುಷ್ಯನಾಗುತ್ತಾನೆ. ಪ್ರೀತಿ ಯಾವಾಗ ಹುಟ್ಟಿತು ಎಂದು ಅಕ್ಕ ಕೇಳಿದಾಗ ಎಲಿಜಬೆತ್, ಪೆಂಬರ್ಲಿಯ ಚಂದದ ತೋಟ ಕಂಡಂದಿನಿಂದ ಎಂದು ನಗೆಯಾಡುತ್ತಾಳೆ. ಇದು ಬರೀ ವ್ಯಂಗ್ಯ ಎಂದು ಎಂ.ಎ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು ನಾನು.

ವೇಲ್ಸ್‌ನ ಪೊವಿಸ್ ಕ್ಯಾಸಲ್ ನೋಡಿದ ಮೇಲೆ ಆ ಉತ್ತರದ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ವೆಲ್ಷ್‌ಪೂಲ್ ಪೇಟೆಯಿಂದ ನಡೆದುಕೊಂಡೇ ಹೋದೆ. ಜಿಂಕೆಗಳು ಮೇಯುವ ಬಯಲು, ಕೆಂಪು ಕಲ್ಲಿನ ಕೋಟೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಮೋಡದಂತೆ ಉಬ್ಬಿನಿಂತ ಯೂ ಮರದ ಬೇಲಿ. ಸುಳ್ಳು ಯಾಕೆ, ಖುಷಿಯಾಯಿತು. ಇಂಥ ಕಡೆ ಇರುವವರು ಕೆಟ್ಟವರಾಗಿರಲಾರರು ಎಂದು ಮನಸ್ಸು ಒಂದು ಗಳಿಗೆ ಅಂದುಕೊಂಡದ್ದೂ ನಿಜ. ಆಮೇಲೆ ಒಳಗೆ ಟಿಪ್ಪುವಿನ ಡೇರೆ ಕಂಡಿತು. ಬಿಳಿ ಹತ್ತಿಬಟ್ಟೆಯ ಮೇಲೆ ಹೂದಾನಿ, ಹೂಬಳ್ಳಿ. ಕ್ಲೈವ್ ಮನೆತನದವರು ಇದನ್ನು ತೋಟದ ಔತಣಕ್ಕೆ ಚಪ್ಪರವಾಗಿ ಬಳಸುತ್ತಿದ್ದರಂತೆ!

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್. ಅವನ ಹೆಂಡತಿ ಹೆನ್ರಿಯೆಟಾ ಪೊವಿಸ್ ಮನೆತನದ ಹೆಣ್ಣುಮಗಳು. ಮರುವರ್ಷವೇ ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ನೋಡಲು ಬಂದಳು. ಇದೂ ಯಜಮಾನನಿಲ್ಲದ ಮನೆಯ ಭೇಟಿಯೇ.

ಡಾರ್ಸಿಯ ವರ್ಷದ ಹತ್ತು ಸಾವಿರ ಪೌಂಡ್ ಇಂಡಿಯಾದಿಂದ ಬಂತೆಂದು ನಾನು ವಾದಿಸುತ್ತಿಲ್ಲ. ಕಾದಂಬರಿಯಲ್ಲಿ ಅದಕ್ಕೆ ಆಧಾರವಿಲ್ಲ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ಆಂಟಿಗುವಾದ ಜಮೀನು ಎದುರಿಗೇ ಇದೆ, ಎಡ್ವರ್ಡ್ ಸೈದ್ ಅದನ್ನು ಹಿಡಿದು ಮಾತಾಡಿದ. ಪೆಂಬರ್ಲಿಯಲ್ಲಿ ಅಂಥ ಹಿಡಿಕೆ ಸಿಗುವುದಿಲ್ಲ. ನನ್ನ ತಕರಾರು ಆ ಅಧ್ಯಾಯ ನಮಗೆ ಕಲಿಸುವ ನೋಟದ ಬಗ್ಗೆ: ಮನೆ ನೋಡಿ ಮನುಷ್ಯನನ್ನು ಅಳೆಯುವುದು, ಆಳಿನ ಮಾತನ್ನು ಸಾಕ್ಷಿಯೆಂದು ಒಪ್ಪುವುದು. ಸಂಬಳ ಕೊಡುವವನ ಬಗ್ಗೆ ಆಡಿದ ಹೊಗಳಿಕೆಗೆ ಎಷ್ಟು ತೂಕ ಎಂಬ ಅನುಮಾನವನ್ನು ಆಸ್ಟಿನ್ ಅತ್ತೆಯ ಬಾಯಲ್ಲಿ ಒಮ್ಮೆ ನಗೆಯಾಗಿ ಆಡಿಸುತ್ತಾಳೆ, ಅಷ್ಟೆ. ಅಷ್ಟು ಚುರುಕು ಕಣ್ಣಿನವಳು ಆ ಅನುಮಾನವನ್ನು ಮುಂದುವರಿಸದೆ ಬಿಟ್ಟುಬಿಡುತ್ತಾಳೆ.

ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ಈ ಪ್ರಶ್ನೆಯನ್ನೇ ಕೇಳುತ್ತದೆ ಎಂದು ನನಗೆ ಹೊಳೆದದ್ದು ವಾಪಸ್ ಬರುವ ರೈಲಿನಲ್ಲಿ. ಅಲ್ಲಿ ಟಿಪ್ಪುವಿನ ಕತೆ ಹೇಳುವವನು ಅವನ ಆಸ್ಥಾನದ ಇತಿಹಾಸಕಾರ ಕಿರ್ಮಾನಿ. ಎದುರಿಗೆ ಕೂತವನು ಕಂಪನಿಯ ಕಾಲಿನ್ ಮೆಕೆಂಜಿ. ಉಂಡ ಮನೆಯ ಬಗ್ಗೆ, ಆ ಮನೆಯನ್ನು ಕೆಡವಿದವರ ಮುಂದೆ, ಅವರದೇ ಹಣ ತೆಗೆದುಕೊಂಡು ಮಾತಾಡಬೇಕು. ಮಿಸೆಸ್ ರೆನಾಲ್ಡ್ಸ್‌ಳಿಗೆ ಸಲೀಸಾಗಿ ಬರುವ ಮಾತು ಕಿರ್ಮಾನಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.