ಹೂವಾದ ಹುಡುಗಿ ಮತ್ತು ನಮ್ಮ ಕಿರುತೆರೆ

ಕನ್ನಡ ಕಿರುತೆರೆಯಲ್ಲಿ ವೈಜ್ಞಾನಿಕ ಕಥೆ ಓಡುವುದಿಲ್ಲ, ಹಳ್ಳಿ ಮಂದಿಗೆ ಅದು ತಿಳಿಯುವುದಿಲ್ಲ ಎಂಬ ಮಾತನ್ನು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ನಾನು ಒಪ್ಪಲಾರೆ. ‘ಹೂವಾದ ಹುಡುಗಿ’ಯ ಜನಪದ ಕಥೆ ನೋಡಿ. ಒಂದು ಕೊಡ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ನಡುವೆ ಯಾರಾದರೂ ಕೊಂಬೆ ಮುರಿದರೋ, ಮರಳಿ ಬರುವುದು ಕೈಕಾಲಿಲ್ಲದ ದೇಹ. ಒಂದು ನಿಯಮ, ಅದನ್ನು ಮುರಿದರೆ ತೆರಬೇಕಾದ ಬೆಲೆ. ವೈಜ್ಞಾನಿಕ ಕಥೆಯ ಎಲುಬೂ ಇದೇ ಅಲ್ಲವೇ? ಗಿರೀಶ ಕಾರ್ನಾಡರು ಇದನ್ನು 1992ರಲ್ಲಿ ‘ಚೆಲುವಿ’ಯಾಗಿ ತೆರೆಗೆ ತಂದರು, ಅದೂ ಹಿಂದಿಯಲ್ಲಿ. 2016ರಲ್ಲಿ ಬಂದ ಜೀ ಕನ್ನಡದ ‘ನಾಗಿಣಿ’ ರೂಪಾಂತರವನ್ನಷ್ಟೇ ಎತ್ತಿಕೊಂಡಿತು. ಹಾವು ಹೆಣ್ಣಾಗಲು ಅಲ್ಲಿ ಗ್ರಾಫಿಕ್ಸ್ ಸಾಕು. ಸೇಡು ತೀರುವವರೆಗೆ ಕಂತೂ ತೀರದು (ಟಿಆರ್‌ಪಿಗೆ ಅದೇ ಅನುಕೂಲ). ನಾನು ಕೇಳುತ್ತಿರುವುದು ರಾಕೆಟ್ಟನ್ನಲ್ಲ. ಹತ್ತು ಕಂತಿಗೆ ಮುಗಿಯುವ ಒಂದು ಕಥೆ, ಅದರೊಳಗೆ ಆ ನೀರಿನ ಕೊಡದಷ್ಟು ಖಚಿತವಾದ ಒಂದು ನಿಯಮ.