ಹಳೆಯ ರೇಡಿಯಾನ್‌ಗೆ ಇಂದಿಗೂ ಆರೈಕೆ

ಎಟಿಐ ಕಂಪನಿಯ ರೇಡಿಯಾನ್ 9700 ಗ್ರಾಫಿಕ್ಸ್ ಕಾರ್ಡ್ ಬಂದದ್ದು 2002ರಲ್ಲಿ. ಆ ಪೀಳಿಗೆಯ ಚಿಪ್‌ಗಳನ್ನು, ಎಟಿಐಯನ್ನು ಕೊಂಡುಕೊಂಡ ಎಎಂಡಿ 2009ರಲ್ಲೇ ತನ್ನ ಮುಖ್ಯ ಡ್ರೈವರ್ ಸರಣಿಯಿಂದ ಕೈಬಿಟ್ಟಿತು. ಆದರೆ ಲಿನಕ್ಸ್ ಬಳಸುವ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಈ ಚಿಪ್‌ಗಳನ್ನು ನಡೆಸುವ ಆರ್300 ಡ್ರೈವರನ್ನು ಬೆರಳೆಣಿಕೆಯ ಮಂದಿ ಆಮೇಲೂ ತಿದ್ದಿ ತೀಡುತ್ತಲೇ ಬಂದಿದ್ದಾರೆ.

ಅವರ ಕುಸುರಿ ಕಾಣಬೇಕಾದರೆ ಶೇಡರ್ ಕಂಪೈಲರ್ ನೋಡಬೇಕು. ಮೊದಲ ಚಿಪ್‌ಗಳಲ್ಲಿ ಒಂದು ಫ್ರಾಗ್ಮೆಂಟ್ ಶೇಡರ್‌ಗೆ, ಅಂದರೆ ಪರದೆಯ ಚುಕ್ಕೆಗಳ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗೆ, ಲೆಕ್ಕಾಚಾರದ ಆದೇಶಗಳು 64 ಮಾತ್ರ. ಒಂದು ಹೆಚ್ಚಾದರೂ ಅದು ಓಡದು. ಬಣ್ಣದ ಲೆಕ್ಕವನ್ನೂ ಪಾರದರ್ಶಕತೆಯ ಲೆಕ್ಕವನ್ನೂ ಒಂದೇ ಆದೇಶದಲ್ಲಿ ಜೋಡಿಸಬಹುದು. ಹೀಗೆ ಜೋಡಿ ಕೂಡಿಸಿ ಒಂದೆರಡು ಆದೇಶ ಉಳಿಸಿದರೆ, ನಿನ್ನೆ ಮೂಡದಿದ್ದ ಚಿತ್ರ ಇವತ್ತು ಪರದೆಗೆ ಬರುತ್ತದೆ. ಕಾಸಿನ ಲಾಭವಿಲ್ಲದ ಕಡೆ ಎಷ್ಟು ತಾಳ್ಮೆ, ಎಷ್ಟು ಅಚ್ಚುಕಟ್ಟು! ನನ್ನ ಮಟ್ಟಿಗೆ ಇದು ದೊಡ್ಡ ವಿದ್ಯೆ. ನಿಮ್ಮ ಅಟ್ಟದ ಮೇಲೆ ಅಂಥ ಕಾರ್ಡ್ ಇದ್ದರೆ ಗುಜರಿಗೆ ಕೊಡಬೇಡಿ. ಲಿನಕ್ಸ್ ಹಾಕಿ ನೋಡಿ.